ಭಾವನ ಎಡಗಾಲು

ನಮ್ಮೂರಲ್ಲಿ ಯಾರಾದರೂ ಸೋಫಾದ ಮೇಲೆ ಕೂತು ಟೀವಿ ನೋಡುತ್ತಿರುವಾಗ, ಪರದೆಯ ಮೇಲಿನ ಕಾರು ತಿರುವಿಗೆ ಬಂದೊಡನೆ ಅವರ ಎಡಗಾಲು ತಾನೇ ತಾನಾಗಿ ನೆಲ ಒತ್ತಿದರೆ, ಅವರು ನನ್ನ ಭಾವನ ಶಿಷ್ಯರೆಂದು ಕಣ್ಣು ಮುಚ್ಚಿ ಹೇಳಬಹುದು. ಅಂಥವರು ಊರ ತುಂಬ ಇದ್ದಾರೆ. ನಮ್ಮ ದಂತವೈದ್ಯರು ಹಲ್ಲು ಕೀಳುವ ಮುಂಚೆ ಎಡಗಾಲು ಒತ್ತುತ್ತಾರೆ. ಎದುರು ಮನೆಯ ಅಜ್ಜಿ ಮೆಟ್ಟಿಲು ಇಳಿಯುವ ಮುಂಚೆ ಒತ್ತುತ್ತಾರೆ. ಅಜ್ಜಿ ಕಾರು ಮಾರಿ ಎಷ್ಟೋ ವರ್ಷವಾಯಿತು, ವಿದ್ಯೆ ಮಾತ್ರ ಬಿಟ್ಟುಹೋಗಿಲ್ಲ. ಹೋಗುವುದೂ ಇಲ್ಲ. ಭಾವ ಕಲಿಸಿದ್ದು ಮೂಳೆಗೆ ಇಳಿಯುತ್ತದೆ.

ಭಾವ ಎಂದರೆ ನನ್ನ ಅಕ್ಕನ ಗಂಡ. ಡ್ರೈವಿಂಗ್ ಸ್ಕೂಲಿನ ಸ್ಥಾಪಕರು, ಪ್ರಾಂಶುಪಾಲರು, ಏಕೈಕ ಪ್ರಾಧ್ಯಾಪಕರು ಮತ್ತು ಬೆಳಗಿನ ಹೊತ್ತು ಅದೇ ಸ್ಕೂಲಿನ ಕಾರು ತೊಳೆಯುವವರು. ಊರವರ ಬಾಯಲ್ಲಿ ಅವರು ಕ್ಲಚ್ ಮೇಷ್ಟ್ರು. ಅವರ ಎಡಗಾಲಿನ ಮೀನಖಂಡ ಬಲಗಾಲಿನದಕ್ಕಿಂತ ಕಣ್ಣಿಗೆ ಕಾಣುವಷ್ಟು ದಪ್ಪ. ಯಾರಾದರೂ ಅನುಮಾನಪಟ್ಟರೆ ಪ್ಯಾಂಟು ಮೇಲಕ್ಕೆಳೆದು ತೋರಿಸುತ್ತಾರೆ.

"ಮುಟ್ಟಿ ನೋಡೋ. ಇದು ಕಾಲಲ್ಲ, ಅನುಭವ," ಎಂದು ನನಗೆ ಎಷ್ಟು ಸಲ ಹೇಳಿದ್ದಾರೋ. ನಾನು ಒಂದು ಸಲವೂ ಮುಟ್ಟಿಲ್ಲ.

ಈ ಮಹಾವಿದ್ಯೆ ಅವರಿಗೆ ಒಲಿದದ್ದು ಲಾರಿಯಲ್ಲಿ. ಹರೆಯದಲ್ಲಿ ಅವರು ಕ್ಲೀನರ್ ಆಗಿದ್ದ ಲಾರಿಯ ಡ್ರೈವರು ಮಹಾ ಮುಂಗೋಪಿ. ಏರಿನಲ್ಲಿ ಗಾಡಿ ನಿಲ್ಲಿಸಿ, ಹಿಂದಿನ ಗಾಲಿಗೆ ಒತ್ತಿಕೊಂಡಂತೆ ತನ್ನ ಬೆಂಕಿಪೊಟ್ಟಣ ಇಟ್ಟು, "ಹೊರಡಿಸು. ಪೊಟ್ಟಣ ಅಪ್ಪಚ್ಚಿ ಆದ್ರೆ ನಾನು ಸಿಗರೇಟು ಹಚ್ಚೋ ಹಾಗಿಲ್ಲ. ನಾನು ಸಿಗರೇಟು ಹಚ್ಚಲಿಲ್ಲ ಅಂದ್ರೆ ನೀನು ಮನೆಗೆ ಹೋಗೋ ಹಾಗಿಲ್ಲ," ಎನ್ನುತ್ತಿದ್ದನಂತೆ. ಕ್ಲಚ್ಚನ್ನು ಅರ್ಧ ಬಿಟ್ಟು ಅರ್ಧ ಹಿಡಿದು, ಕೂದಲೆಳೆಯಷ್ಟೂ ಹಿಂದಕ್ಕೆ ಜಾರದಂತೆ ಲಾರಿಯನ್ನು ಮುಂದಕ್ಕೆತ್ತುವ ಕಲೆ ಭಾವನಿಗೆ ಹೀಗೆ ಪ್ರಾಣಭಯದಲ್ಲಿ ಸಿದ್ಧಿಸಿತು.

ಮುಂದೆ ಸ್ವಂತ ಸ್ಕೂಲು ತೆರೆದಾಗ ಭಾವ ಗುರುವಿನ ಪರೀಕ್ಷೆಯನ್ನೇ ತಂದರು. ನೀರಿನ ಟ್ಯಾಂಕಿನ ಹಿಂದೆ ಒಂದು ಏರು ಇದೆ. ಅಲ್ಲಿ ಕಾರಿನ ಹಿಂದಿನ ಗಾಲಿಗೆ ತಾಗಿಸಿ ಬೆಂಕಿಪೊಟ್ಟಣ ಇಡುತ್ತಾರೆ. ಅದನ್ನು ಉಳಿಸಿದವನು ಚಾಲಕ, ಅಪ್ಪಚ್ಚಿ ಮಾಡಿದವನು ಇನ್ನೂ ಒಂದು ತಿಂಗಳು ವಿದ್ಯಾರ್ಥಿ. ಭಾವ ಸಿಗರೇಟು ಸೇದುವುದಿಲ್ಲ. ಹೊಗೆ ಕಂಡರೆ ಕೆಮ್ಮುತ್ತಾರೆ. ಸೇದುವವನು ಲಾರಿಯಿಂದಿಳಿದು ಎಲ್ಲಿಗೋ ಹೋಗಿ ಯಾವ ಕಾಲವಾಯಿತೋ, ಪೊಟ್ಟಣ ಮಾತ್ರ ಗಾಲಿಯ ಹಿಂದೆ ಹಾಗೇ ಕೂತಿತ್ತು.

ಏರಿಗೆ ಹೋಗುವ ಮೊದಲು ಎಲ್ಲರೂ ಕುರ್ಚಿ ಓಡಿಸಬೇಕು. ಸ್ಕೂಲು ಎಂದರೆ ಮನೆಯ ಕೆಳಗಿನ ಕೋಣೆ. ನಡುವೆ ಒಂದು ಕುರ್ಚಿ, ಎದುರಿಗೆ ಕಬ್ಬಿಣದ ಸರಳಿಗೆ ಬೆಸೆದ ಹಳೆಯ ಸ್ಟಿಯರಿಂಗ್, ಕೆಳಗೆ ಹಾಸಿಗೆಯ ಸ್ಪ್ರಿಂಗಿನ ಮೇಲೆ ಕೂರಿಸಿದ ಮೂರು ಮರದ ಪೆಡಲು, ಎರಡೂ ಪಕ್ಕಕ್ಕೆ ಬಚ್ಚಲುಮನೆಯ ಕನ್ನಡಿ. ಇದು ಅಕ್ಕನ ಇಲಾಖೆ. "ಕನ್ನಡಿ ನೋಡಿ, ಸಿಗ್ನಲ್ ಹಾಕಿ, ಎಡಕ್ಕೆ ತಿರುಗಿಸಿ, ಅಯ್ಯೋ ನಾಯಿ," ಎಂದು ಅವಳು ಇದ್ದಕ್ಕಿದ್ದಂತೆ ಕುರ್ಚಿಗೆ ಅಡ್ಡ ಬರುತ್ತಾಳೆ. ಶಿಷ್ಯರು ಬ್ರೇಕು ಒತ್ತಬೇಕು. ನಾಯಿಯಾಗಿ, ಹಸುವಾಗಿ, ಸೈಕಲ್ಲಾಗಿ, ಚೆಂಡಿನ ಹಿಂದೆ ಓಡುವ ಮಗುವಾಗಿ, ಕುಡುಕನಾಗಿ ಅಕ್ಕ ಆ ಕೋಣೆಯಲ್ಲಿ ಎತ್ತಿದ ಅವತಾರಗಳಿಗೆ ಲೆಕ್ಕವಿಲ್ಲ. ಕುಡುಕನ ಪಾತ್ರ ಎಷ್ಟು ಚೆನ್ನಾಗಿತ್ತೆಂದರೆ ಕಿಟಕಿಯಿಂದ ನೋಡಿದ ಪಕ್ಕದ ಮನೆಯವರು ಕೆಲವು ದಿನ ಅವಳ ಜೊತೆ ಮಾತು ಬಿಟ್ಟಿದ್ದರು.

ಇಷ್ಟೆಲ್ಲ ಕಲಿಸುವ ಅಕ್ಕನಿಗೆ ಕಾರು ಓಡಿಸಲು ಬರುತ್ತಿರಲಿಲ್ಲ.

ಮದುವೆಯಾದ ಹೊಸತರಲ್ಲಿ ಭಾವ ಅವಳನ್ನು ಏರಿಗೆ ಕರೆದೊಯ್ದಿದ್ದರು. ಮೊದಲ ಪೊಟ್ಟಣ ಅಪ್ಪಚ್ಚಿ. ಎರಡನೆಯದೂ ಅಪ್ಪಚ್ಚಿ. ಪ್ರೀತಿಯ ಕಾಲ, ಭಾವ ಬೇಸರಿಸಲಿಲ್ಲ. ಒಂದು ಇಡೀ ಕಟ್ಟು ಮುಗಿದ ಮೇಲೆ ಪ್ರೀತಿಯ ಕಾಲವೂ ಮುಗಿಯಿತು. "ನಿನ್ನ ಎಡಗಾಲಿಗೆ ಕಿವಿ ಇಲ್ಲ ಕಣೇ. ಕ್ಲಚ್ ಮಾತಾಡೋದು ನಿನಗೆ ಕೇಳಿಸಲ್ಲ," ಎಂದು ತೀರ್ಪು ಕೊಟ್ಟರು. ಅಕ್ಕ ಆಸೆ ಬಿಡಲಿಲ್ಲ. ಲರ್ನರ್ ಲೈಸೆನ್ಸಿನ ಅವಧಿ ಮುಗಿದಾಗಲೆಲ್ಲ ಹೊಸದು ಮಾಡಿಸುತ್ತಿದ್ದಳು. ಆ ಕಚೇರಿಯ ಗುಮಾಸ್ತರು ಅವಳ ಕಣ್ಣೆದುರೇ ನೌಕರಿಗೆ ಸೇರಿ ನಿವೃತ್ತರಾದರು. ಅವಳ ಕುರ್ಚಿಯಿಂದ ಎದ್ದು ಹೋದ ಶಿಷ್ಯೆಯರು ಕಾರಿನಲ್ಲಿ ಹೋಗುತ್ತ ಕೈಬೀಸುತ್ತಿದ್ದರು, ಅವಳು ತರಕಾರಿ ಚೀಲ ಹಿಡಿದು ಬಸ್ಸಿಗೆ ಕಾಯುತ್ತಿದ್ದಳು. ಮನೆಗೆ ಮಾರಿ, ಊರಿಗೆ ಉಪಕಾರಿ ಎಂದು ಮೊದಲು ಹೇಳಿದವನಿಗೆ ನನ್ನ ಭಾವನ ಪರಿಚಯ ಇದ್ದಿರಬೇಕು.

ಹೀಗೆ ಕ್ಲಚ್ಚಿನ ಸಾಮ್ರಾಜ್ಯ ನೆಮ್ಮದಿಯಿಂದ ಇರುವಾಗ ಊರಿಗೆ ಗೇರಿಲ್ಲದ ಕಾರುಗಳು ಬಂದವು.

ಭಾವ ಮೊದಲು ನಕ್ಕರು. "ಅದು ಕಾರಲ್ಲ ಕಣೋ, ಗಾಲಿ ಹಾಕಿದ ಸೋಫಾ. ಕೂತ್ಕೋಬೇಕು, ಅದು ಕರ್ಕೊಂಡು ಹೋಗುತ್ತೆ. ಇದಕ್ಕೆ ಮೇಷ್ಟ್ರು ಯಾಕೆ, ದಿಂಬು ಸಾಕು." ಔಷಧಿ ಅಂಗಡಿಯವರು ಬಂದು, ನಾನು ಕೊಂಡಿರುವುದು ಗೇರಿಲ್ಲದ್ದು, ಅದನ್ನಷ್ಟೇ ಕಲಿಸಿ ಎಂದರು. "ಮೊದಲು ಗೇರು ಕಲೀರಿ, ಆಮೇಲೆ ಮರೀರಿ. ಕಲೀದೆ ಮರೆಯೋದು ವಿದ್ಯೆ ಅಲ್ಲ," ಎಂದು ಭಾವ ಕಳಿಸಿದರು. ಔಷಧಿ ಅಂಗಡಿಯವರು ಸೇತುವೆ ಆಚೆಯ ಸ್ಕೂಲಿಗೆ ಹೋದರು. ಅವರ ಹಿಂದೆ ಅವರ ತಮ್ಮ, ತಮ್ಮನ ಹೆಂಡತಿ, ಆಕೆಯ ಇಡೀ ಕಚೇರಿ ಹೋಯಿತು. ನೋಡುನೋಡುತ್ತ ಕುರ್ಚಿ ಖಾಲಿಯಾಯಿತು. ಬೆಳಿಗ್ಗೆ ಕಾರು ತೊಳೆದು ನಿಲ್ಲಿಸಿದರೆ ಸಂಜೆಗೂ ಅದು ಒದ್ದೆಯಾಗಿದ್ದ ಜಾಗದಲ್ಲೇ ಒಣಗಿಕೊಂಡು ನಿಂತಿರುತ್ತಿತ್ತು.

"ಇದೆಲ್ಲ ನಾಲ್ಕು ದಿನದ ಗೀಳು," ಎಂದರು ಭಾವ.

"ಆ ನಾಲ್ಕು ದಿನ ನಾವು ಏನು ತಿನ್ನೋದು?" ಎಂದಳು ಅಕ್ಕ. "ಅಪ್ಪ ನೆಟ್ಟ ಆಲದ ಮರ ಅಂತ ನೇಣು ಹಾಕ್ಕೊಳ್ಳೋರ ಬಗ್ಗೆ ಕೇಳಿದ್ದೆ. ನಿಮಗೆ ಆ ಮರ ಅಪ್ಪನದೂ ಅಲ್ಲ, ಯಾರೋ ಲಾರಿ ಡ್ರೈವರಂದು."

ಈ ತಿಂಗಳೂ ಹೀಗೇ ಹೋದರೆ ಸ್ಕೂಲಿನ ಬಾಗಿಲು ಎಳೆದು, ಕಾರು ಮಾರಿಬಿಡುವುದೆಂದು ಇಬ್ಬರೂ ಮಾತಾಡಿಕೊಂಡಿದ್ದರು. ಭಾವ ಈ ಮಾತನ್ನು ಕಾರಿಗೆ ಕೇಳಿಸದಂತೆ ಒಳಗಿನ ಕೋಣೆಯಲ್ಲಿ ಆಡಿದ್ದರು ಎಂಬುದು ಅಕ್ಕನ ವರದಿ.

ಆಗ ಬಂದವರು ಆಸ್ಪತ್ರೆಯ ದೊಡ್ಡ ನರ್ಸಮ್ಮ. ಒಂದು ಕಾಲಕ್ಕೆ ಅಕ್ಕನ ಕುರ್ಚಿಯಲ್ಲಿ ಕೂತು, ಭಾವನ ಪೊಟ್ಟಣ ಉಳಿಸಿ ಹೋದವರು. ಆಸ್ಪತ್ರೆಯವರು ರೋಗಿಗಳ ಮನೆಗೇ ಹೋಗಿ ಆರೈಕೆ ಮಾಡುವ ಹೊಸ ವಿಭಾಗ ತೆರೆದಿದ್ದರು. ಅದಕ್ಕೆ ಸಣ್ಣ ಸಣ್ಣ ಬ್ಯಾಟರಿ ಕಾರು ತರಿಸಿದ್ದರು. ಒಂದಕ್ಕೂ ಗೇರಿಲ್ಲ. ನರ್ಸುಗಳೆಲ್ಲ ಓಡಿಸಲು ಕಲಿಯಬೇಕು, ತಂಡ ತಂಡವಾಗಿ, ವರ್ಷವಿಡೀ.

"ನಿಮಗೇ ಕೊಡೋಣ ಅಂತ ಮನಸ್ಸಿದೆ ಮೇಷ್ಟ್ರೇ. ಬಂದು ನಮ್ಮ ಗಾಡೀಲಿ ಒಂದು ಸುತ್ತು ಓಡಿಸಿ ತೋರಿಸಿ, ಸಾಕು."

"ಸೋಫಾ ಓಡಿಸೋಕೆ ನಾನು ಬರಲ್ಲ ಸಿಸ್ಟರ್," ಎಂದು ಭಾವ ಹೇಳುವಷ್ಟರಲ್ಲಿ ಅಕ್ಕ ಕಾಫಿ ತಟ್ಟೆಯನ್ನು ಮೇಜಿನ ಮೇಲೆ ಸ್ವಲ್ಪ ಜೋರಾಗಿಯೇ ಇಟ್ಟಳು.

"ಬರ್ತಾರೆ," ಎಂದಳು.

ಬಂದರು. ಇಸ್ತ್ರಿ ಮಾಡಿದ ಅಂಗಿ ತೊಟ್ಟು, ದಿಗ್ವಿಜಯಕ್ಕೆ ಹೊರಟ ಚಕ್ರವರ್ತಿಯಂತೆ ಆಸ್ಪತ್ರೆಯ ಅಂಗಳದಲ್ಲಿ ಆ ಬಿಳಿಯ ಪುಟ್ಟ ಕಾರನ್ನು ಒಮ್ಮೆ ಸುತ್ತಿ ನೋಡಿ, ಒಳಗೆ ಕೂತರು. ಪಕ್ಕದಲ್ಲಿ ನರ್ಸಮ್ಮ. ಹಿಂದೆ ಅಕ್ಕ ಮತ್ತು ನಾನು. ನನ್ನ ತೊಡೆಯ ಮೇಲೆ ನರ್ಸಮ್ಮನ ಚೀಲ.

ಭಾವ ಗುಂಡಿ ಒತ್ತಿ ಕಿವಿಗೊಟ್ಟರು. "ಸ್ಟಾರ್ಟ್ ಆಗ್ಲಿಲ್ಲ."

"ಆಗಿದೆ ಮೇಷ್ಟ್ರೇ. ಇದಕ್ಕೆ ಸದ್ದಿಲ್ಲ."

"ಸದ್ದಿಲ್ಲ ಅಂದ್ರೆ ಬದುಕಿದೆ ಅಂತ ಹೇಗೆ ಗೊತ್ತಾಗ್ಬೇಕು?"

"ಪಕ್ಕದಲ್ಲಿ ನರ್ಸಮ್ಮ ಇದ್ದಾರಲ್ಲ, ನಾಡಿ ಹಿಡಿದು ಹೇಳ್ತಾರೆ. ನೀವು ಹೊರಡಿ," ಎಂದಳು ಅಕ್ಕ.

ಕಾರು ಹೊರಟಿತು. ಬೆಣ್ಣೆಯ ಮೇಲೆ ಚಾಕು ಹೋದಂತೆ ಹೋಯಿತು. ವೇಗ ಸ್ವಲ್ಪ ಏರಿತು. ಎರಡನೆಯ ಗೇರಿಗೆ ಬದಲಿಸುವ ಕಾಲ ಬಂತೆಂದು ಯಾರು ಹೇಳಿದರೋ, ಆ ಎಡಗಾಲು ಎದ್ದಿತು. ಇಷ್ಟು ವರ್ಷ ಸಾಕಿ ಸಲಹಿದ ಕಾಲು, ಕ್ಲಚ್ ಇರಬೇಕಾದ ಜಾಗಕ್ಕೆ ಗದೆಯಂತೆ ಬಿತ್ತು. ಅಲ್ಲಿ ಇದ್ದದ್ದು ಅಗಲವಾದ ಬ್ರೇಕು. ಕಾರು ಇದ್ದಲ್ಲೇ ನಿಂತಿತು. ನಾವು ನಿಲ್ಲಲಿಲ್ಲ. ನರ್ಸಮ್ಮನ ಕನ್ನಡಕ ಮುಂದಿನ ಗಾಜಿಗೆ ಹಾರಿತು, ಚೀಲದಿಂದ ಹತ್ತಿಯ ಸುರುಳಿಯೊಂದು ಎದ್ದು ಬಿಚ್ಚಿಕೊಳ್ಳುತ್ತ ಭಾವನ ಹೆಗಲ ಮೇಲೆ ಶಾಲಿನಂತೆ ಬಿತ್ತು.

ಜಟ್ಟಿ ಬಿದ್ದರೂ ಮೀಸೆ ಮಣ್ಣಾಗಲಿಲ್ಲ. "ಬ್ರೇಕು ಪರೀಕ್ಷೆ ಮಾಡಿದೆ," ಎಂದರು ಭಾವ.

ಮತ್ತೆ ಹೊರಟರು. ಮತ್ತೆ ಬ್ರೇಕಿನ ಪರೀಕ್ಷೆಯಾಯಿತು. ಮೂರನೆಯ ಪರೀಕ್ಷೆಯ ಹೊತ್ತಿಗೆ ಗೇಟಿನ ಕಾವಲುಗಾರ ಕಂಬದ ಹಿಂದೆ ಸೇರಿದ್ದ, ಅಕ್ಕ ಮುಂದಿನ ಸೀಟನ್ನು ತಬ್ಬಿಕೊಂಡಿದ್ದಳು.

ನರ್ಸಮ್ಮ ಕನ್ನಡಕ ಹುಡುಕಿ ಹಾಕಿಕೊಂಡರು. ಒಳ್ಳೆಯ ಹೆಂಗಸು, ದನಿ ಏರಿಸಲಿಲ್ಲ. "ಈ ಗಾಡಿ ಒಂದು ವಾರ ನಿಮ್ಮ ಹತ್ರ ಇರ್ಲಿ. ಬರೋ ವಾರ ಇದೇ ದಿನ ಇನ್ನೊಂದು ಸುತ್ತು. ಅವತ್ತೂ ಹೀಗಾದ್ರೆ ಸೇತುವೆ ಆಚೆಯವರಿಗೆ ಕೊಡ್ತೀನಿ. ನಮ್ಮ ಹುಡುಗೀರು ರೋಗಿ ಮನೆಗೆ ನರ್ಸಾಗಿ ಹೋಗ್ಬೇಕು ಮೇಷ್ಟ್ರೇ, ಇನ್ನೊಬ್ಬ ರೋಗಿಯಾಗಿ ಅಲ್ಲ."

ಮನೆಗೆ ಕಾರು ತಂದವನು ನಾನು. ಭಾವ ದಾರಿಯುದ್ದಕ್ಕೂ ಕಾರಿನ ತಪ್ಪುಗಳನ್ನು ಹೇಳಿದರು. ಪೆಡಲು ಸರಿಯಿಲ್ಲ, ಸೀಟು ತಗ್ಗು, ಆಸ್ಪತ್ರೆಯ ಅಂಗಳ ಓರೆ.

"ಹೌದು, ಕುಣಿಯೋಕೆ ಬಾರದವರಿಗೆ ನೆಲ ಯಾವಾಗ್ಲೂ ಡೊಂಕೇ," ಎಂದಳು ಅಕ್ಕ.

ಮಾರನೆಯ ಬೆಳಿಗ್ಗೆ ಹಾಲು ತರಲು ಹೊರಟಿದ್ದವನನ್ನು ಅಕ್ಕ ಹಿಡಿದಳು. ಆ ಬಿಳಿ ಕಾರಿಗೆ ಕಲಿಯುವವರ ಕೆಂಪು ಫಲಕ ಅಂಟಿಸಿ, ಲರ್ನರ್ ಲೈಸೆನ್ಸು ಪರ್ಸಿನಲ್ಲಿಟ್ಟುಕೊಂಡು, ಸ್ಟಿಯರಿಂಗ್ ಮುಂದೆ ಕೂತಿದ್ದಳು.

"ಪಕ್ಕದಲ್ಲಿ ಕೂತ್ಕೋ. ನಿನ್ನ ಹತ್ರ ಲೈಸೆನ್ಸ್ ಇದೆಯಲ್ಲ."

"ಅಕ್ಕಾ, ನಿನಗೆ ಕ್ಲಚ್ ಬರಲ್ವಲ್ಲೇ."

"ಇದರಲ್ಲಿ ಎಲ್ಲಿದೆ ತೋರಿಸು."

ತೋರಿಸಲಾಗಲಿಲ್ಲ. ಕೂತೆ. ಅಕ್ಕ ಕನ್ನಡಿ ನೋಡಿದಳು, ಸಿಗ್ನಲ್ ಹಾಕಿದಳು, ಹೊರಟಳು. ನಾನು ಗಟ್ಟಿಯಾಗಿ ಹಿಡಿದುಕೊಂಡಿದ್ದ ಹಿಡಿಕೆಯನ್ನು ಎರಡನೆಯ ತಿರುವಿನಲ್ಲಿ ಬಿಟ್ಟೆ. ಸಾವಿರ ಸಲ ಬಾಯಲ್ಲಿ ಹೇಳಿಕೊಟ್ಟದ್ದನ್ನು ಅವಳ ಕೈಗಳು ಮೊದಲ ಸಲ ಮಾಡುತ್ತಿದ್ದವು, ಒಂದೂ ತಪ್ಪದಂತೆ. ಖಾಲಿ ಮೈದಾನವನ್ನು ಸುತ್ತಿ, ನೀರಿನ ಟ್ಯಾಂಕಿನ ಪಕ್ಕದಿಂದ ಬಂದು, ಮನೆಯ ಮುಂದೆ ನಿಲ್ಲಿಸಿ ಹಾರನ್ ಹೊಡೆದಳು. ಬಾಯಲ್ಲಿ ಬ್ರಷ್ ಕಚ್ಚಿಕೊಂಡು ಭಾವ ಹೊರಗೆ ಬಂದರು. ಬ್ರಷ್ ಹಾಗೇ ನಿಂತಿತು.

"ಏರಿಗೆ ನಡಿ," ಎಂದರು ಬಾಯಿ ತೊಳೆದು ಬಂದು. ಕೈಯಲ್ಲಿ ಬೆಂಕಿಪೊಟ್ಟಣ ಇತ್ತು.

ಏರಿನ ನಡುವೆ ಕಾರು ನಿಂತಿತು. ಭಾವ ಗಾಲಿಯ ಹಿಂದೆ ಪೊಟ್ಟಣ ಇಟ್ಟು, ಮಂಡಿಯೂರಿ, ಕೆನ್ನೆಯನ್ನು ನೆಲಕ್ಕೆ ತಾಗಿಸಿ ಕೂಗಿದರು, "ಹೂಂ." ಅಕ್ಕ ಬ್ರೇಕು ಬಿಟ್ಟಳು. ಕಾರು ಒಂದಿಷ್ಟೂ ಜಾರದೆ ಮೇಲೇರಿತು. ಪೊಟ್ಟಣ ರಸ್ತೆಯ ಮೇಲೆ ರಾಜನಂತೆ ಕೂತಿತ್ತು. ಭಾವ ಎದ್ದು ಇನ್ನೊಮ್ಮೆ ಇಟ್ಟರು. ಇನ್ನೊಮ್ಮೆಯೂ ಉಳಿಯಿತು. ಕಾರು ತಾನೇ ತನ್ನನ್ನು ಹಿಡಿದುಕೊಳ್ಳುತ್ತದೆ ಎಂದು ನಾನು ವಿವರಿಸಲು ಹೋದೆ.

"ಗೊತ್ತಾಯ್ತು ಬಿಡೋ," ಎಂದರು. ಕಾರಿಗೆ ಒರಗಿ ನಿಂತರು. ಗರ್ವವೆಲ್ಲ ಇಳಿದಿದ್ದ ಅವರ ಮುಖವನ್ನು ನಾನು ಆವರೆಗೆ ನೋಡಿರಲಿಲ್ಲ. "ಅದೇ ಹಿಡ್ಕೊಳ್ಳುತ್ತೆ. ಅದೇ ಬದಲಾಯಿಸ್ಕೊಳ್ಳುತ್ತೆ. ಹಾಗಾದ್ರೆ ನಾನು ಕಲಿಸೋಕೆ ಏನು ಉಳೀತು?"

ಅಕ್ಕ ಕಿಟಕಿಯಿಂದ ತಲೆ ಹೊರಹಾಕಿ, "ಹತ್ತಿ, ಮನೆಗೆ ಹೋಗೋಣ. ಪೇಟೆ ಬೀದೀಲಿ ಹೋಗ್ತೀನಿ," ಎಂದಳು.

ಭಾವ ಅವಳ ಪಕ್ಕ ಕೂತರು, ನಾನು ಹಿಂದೆ. ಸ್ಕೂಲಿನ ಕಾರಿನಲ್ಲಿ ಮೇಷ್ಟ್ರ ಕಡೆಗೂ ಪೆಡಲುಗಳಿವೆ, ಇದರಲ್ಲಿಲ್ಲ. ಭಾವನ ಎರಡೂ ಕಾಲು ಬರಿಯ ಚಾಪೆಯನ್ನು ಒತ್ತುತ್ತಿದ್ದವು. ಬೀದಿ ಆಗಷ್ಟೇ ತುಂಬುತ್ತಿತ್ತು. ಅಕ್ಕ ತನ್ನಷ್ಟಕ್ಕೆ ತಾನು ಮಾತಾಡುತ್ತಿದ್ದಳು.

"ಆ ಕೆಂಪು ವ್ಯಾನಿನ ಬಾಗಿಲು ಈಗ ತೆಗೀತಾನೆ." ತೆಗೆದ. ಅಕ್ಕ ಆಗಲೇ ದೂರ ಸರಿದಿದ್ದಳು. "ಆ ಚೆಂಡಿನ ಹಿಂದೆ ಒಂದು ಮಗು ಇದೆ." ಇತ್ತು. ಕಾರು ನಿಂತು ಮಗುವಿಗೆ ದಾರಿ ಕೊಟ್ಟಿತು. "ಈ ನಾಯಿ ಬರಲ್ಲ. ಆಚೆ ಮಲಗಿದೆಯಲ್ಲ, ಅದು ಬರುತ್ತೆ."

"ನಿನಗೆ ಹೇಗೆ ಗೊತ್ತು?" ಎಂದರು ಭಾವ.

"ಇಷ್ಟು ವರ್ಷ ನಾನೇ ನಾಯಿ ಆಗಿದ್ದೋಳು. ನಾಯಿ ಯಾವಾಗ ಅಡ್ಡ ಬರುತ್ತೆ ಅಂತ ನನಗೆ ಗೊತ್ತಿಲ್ವಾ?"

ಮಲಗಿದ್ದ ನಾಯಿ ಎದ್ದು ಅಡ್ಡ ಬಂತು. ಅಕ್ಕ ಮೆತ್ತಗೆ ನಿಲ್ಲಿಸಿದಳು. ಭಾವ ನಾಯಿಯನ್ನು ನೋಡಲಿಲ್ಲ, ಅಕ್ಕನ ಕಣ್ಣುಗಳನ್ನೇ ನೋಡುತ್ತಿದ್ದರು.

"ನಿಲ್ಸು. ಪಕ್ಕಕ್ಕೆ ನಿಲ್ಸು," ಎಂದರು. ನಿಲ್ಲಿಸಿದಳು. ಭಾವ ಇಳಿದು, ಕಾರಿನ ಸುತ್ತ ಒಂದು ಸುತ್ತು ಓಡಿ, ನನ್ನ ಕಿಟಕಿಯಲ್ಲಿ ತಲೆ ತೂರಿಸಿದರು. ಮುಖ ಕೆಂಪಾಗಿತ್ತು. "ಇವಳು ಒಂದು ಸಲಾನೂ ಕೆಳಗೆ ನೋಡ್ಲಿಲ್ಲ ಕಣೋ. ನನ್ನ ಶಿಷ್ಯರು ಮೊದಲ ತಿಂಗಳು ಎಲ್ಲಿ ನೋಡ್ತಾರೆ ಹೇಳು? ಪಾದ ನೋಡ್ತಾರೆ. ಗೇರು ನೋಡ್ತಾರೆ. ನಾನು ಅವರ ಕಣ್ಣನ್ನ ಕಾಲಿಗೆ ಕಟ್ಟಿಹಾಕಿ ಬಿಟ್ಟಿದ್ದೆ. ರಸ್ತೆ ನೋಡೋದನ್ನ ಕಲಿಸೋಕೆ ನನಗೆ ಪುರುಸೊತ್ತೇ ಇರ್ಲಿಲ್ಲ. ಇದರಲ್ಲಿ ಮೊದಲ ದಿನಾನೇ ಶುರು ಮಾಡ್ಬಹುದು. ಮೊದಲ ದಿನಾನೇ, ಗೊತ್ತಾಯ್ತಾ?"

"ಗೊತ್ತಾಯ್ತು ಭಾವ. ಪಕ್ಕಕ್ಕೆ ಬನ್ನಿ, ಹಿಂದೆ ಬಸ್ಸು."

ಹೊಸದಾಗಿ ಮತ ಹಿಡಿದವನ ಭಕ್ತಿ ಹೆಚ್ಚು. ಆ ಹೊತ್ತಿನಿಂದ ಕ್ಲಚ್ ಎಂಬುದು ಭಾವನ ಬಾಯಲ್ಲಿ ಒಂದು ಕಾಯಿಲೆಯ ಹೆಸರಾಯಿತು. ಸಿಕ್ಕವರನ್ನೆಲ್ಲ ನಿಲ್ಲಿಸಿ ಕಣ್ಣಿನ ಮಹಿಮೆ ಹೇಳಿದರು. ಔಷಧಿ ಅಂಗಡಿಗೇ ಹೋಗಿ, "ನೀವು ಹೇಳಿದ್ದೇ ಸರಿ," ಎಂದು ಬಂದರು. ಅಂಗಡಿಯವರು ಗಾಬರಿಯಾಗಿ ಬಿ.ಪಿ. ನೋಡಿ ಕಳಿಸಿದರಂತೆ.

ಆದರೆ ತಲೆ ಒಪ್ಪಿದರೇನು, ಕಾಲು ಒಪ್ಪಬೇಕಲ್ಲ. ಮೈದಾನದಲ್ಲಿ ಭಾವ ಕೂತರು, ಅಕ್ಕ ಪಕ್ಕದಲ್ಲಿ. ಹೊರಟರು, ಕಾಲು ಎದ್ದಿತು, ಕಾರು ನಿಂತಿತು. ಎಡಗಾಲನ್ನು ಸೀಟಿನ ಕೆಳಗೆ ಎಳೆದಿಟ್ಟುಕೊಳ್ಳಿ ಎಂದಳು ಅಕ್ಕ. ಇಟ್ಟುಕೊಂಡರು. ಮಾತಿನ ಭರದಲ್ಲಿ ಅದು ಕಳ್ಳನಂತೆ ಮತ್ತೆ ಮುಂದಕ್ಕೆ ಬಂತು. ಕೊನೆಗೆ ಅಕ್ಕ ಬೀಗದ ಕೈಗೊಂಚಲಿನಿಂದ ಒಂದು ಪುಟ್ಟ ಗಂಟೆ ಬಿಚ್ಚಿ ಅವರ ಎಡಗಾಲಿಗೆ ಕಟ್ಟಿದಳು. ಬೆಕ್ಕಿಗೆ ಗಂಟೆ ಕಟ್ಟುವವರು ಯಾರೆಂದು ಇಲಿಗಳು ಇಂದಿಗೂ ಸಭೆ ಸೇರುತ್ತಿರಬಹುದು. ನಮ್ಮ ಮನೆಯಲ್ಲಿ ಆ ಕೆಲಸ ಹಾಡಹಗಲೇ ಆಯಿತು.

ಕಾಲು ಅಲುಗಿತೋ ಗಂಟೆ ಕಿಣಿ ಎನ್ನುತ್ತಿತ್ತು. "ಅದು ಎದ್ದಿತು," ಎನ್ನುತ್ತಿದ್ದಳು ಅಕ್ಕ. "ಮಲಗಿಸ್ತೀನಿ ತಡಿ," ಎನ್ನುತ್ತಿದ್ದರು ಭಾವ. ಮೊದಲ ದಿನ ಮೈದಾನದಲ್ಲಿ ಐಸ್‌ಕ್ರೀಮ್ ಗಾಡಿ ಬಂತೆಂದು ಮಕ್ಕಳು ಓಡಿ ಬಂದವು. ವಾರದ ಕೊನೆಗೆ ಒಂದು ಇಡೀ ಸುತ್ತು ನಿಶ್ಶಬ್ದವಾಗಿ ಮುಗಿಯಿತು. ಭಾವ ಸ್ಟಿಯರಿಂಗಿಗೆ ಹಣೆ ಹಚ್ಚಿ ನಕ್ಕರು. "ಇಷ್ಟು ವಯಸ್ಸಿಗೆ ಲರ್ನರ್ ಆದೆನಲ್ಲೇ," ಎಂದರು. ಅದರಲ್ಲಿ ದೂರು ಇರಲಿಲ್ಲ, ಹೊಸ ಬಟ್ಟೆ ತೊಟ್ಟವನ ಖುಷಿ ಇತ್ತು.

ಪರೀಕ್ಷೆಯ ದಿನ ಗಂಟೆ ಬಿಚ್ಚಿಡಿ ಎಂದೆ ನಾನು. "ಬೇಡ. ಅದನ್ನ ನಾನು ಇನ್ನೂ ನಂಬಲ್ಲ," ಎಂದು ಕಾಲಿನ ಕಡೆಗೆ ಕೈ ತೋರಿಸಿದರು ಭಾವ.

ಆಸ್ಪತ್ರೆಯ ಅಂಗಳದಲ್ಲಿ ನರ್ಸಮ್ಮ ಪಕ್ಕದ ಸೀಟಿಗೆ ಬಂದು ಮೊದಲು ಬೆಲ್ಟು ಬಿಗಿದುಕೊಂಡರು, ಆಮೇಲೆ ಕನ್ನಡಕ ತೆಗೆದು ಜೇಬಿನಲ್ಲಿಟ್ಟರು. ಕಾವಲುಗಾರ ಕೇಳದೆಯೇ ಕಂಬದ ಹಿಂದೆ ಹೋದ. ಭಾವ ಹೊರಟರು. ಅಂಗಳ ದಾಟಿತು, ಹಿಂದಿನ ಓಣಿ ಬಂತು. ಅವರು ಓಡಿಸುತ್ತ ಪಾಠ ಶುರುಮಾಡಿಬಿಟ್ಟಿದ್ದರು.

"ಆ ಕಿಟಕಿಯ ಗಾಜಿನಲ್ಲಿ ಏನು ಕಾಣುತ್ತೆ ಸಿಸ್ಟರ್?"

"ಏನೋ ಬಿಳೀದು."

"ತಳ್ಳುಗಾಡಿ. ಮೂಲೆ ಆಚೆ ಬಟ್ಟೆ ಒಗೆಯೋ ಕಡೆಯಿಂದ ಬರ್ತಿದೆ. ನಾವು ಅದನ್ನ ಇನ್ನೂ ನೋಡಿಲ್ಲ, ಆದ್ರೆ ಆಗ್ಲೇ ನೋಡಿದ್ದೀವಿ."

ಹಾಸಿಗೆ ಬಟ್ಟೆ ಹೇರಿದ ಗಾಡಿ ಮೂಲೆಯಿಂದ ಬಂತು, ಅವರು ಲೆಕ್ಕ ಹಾಕಿದ್ದಕ್ಕಿಂತ ತುಸು ಜೋರಾಗಿ. ಆ ಕ್ಷಣಕ್ಕೆ ಕಿಣಿ ಎಂದಿತು. ಅಕ್ಕ ನನ್ನ ಮಣಿಕಟ್ಟು ಹಿಡಿದಳು. ಎಡಗಾಲು ಎದ್ದಿತು, ಗಾಳಿಯಲ್ಲಿ ಅರೆಗಳಿಗೆ ಯೋಚಿಸಿತೋ ಏನೋ, ಚಾಪೆಯ ಮೇಲೆ ಧಡ್ ಎಂದು ಬಿತ್ತು. ಬ್ರೇಕು ಒತ್ತಿದ್ದು ಬಲಗಾಲು. ಕಾರು ತೊಟ್ಟಿಲಿನಂತೆ ನಿಂತಿತು.

"ಅದೇನು ಸದ್ದು ಮೇಷ್ಟ್ರೇ?" ಎಂದರು ನರ್ಸಮ್ಮ.

ಏನಾದರೂ ಸುಳ್ಳು ಹೊಸೆಯುತ್ತಾರೆ ಎಂದುಕೊಂಡೆ. ಭಾವ ಪ್ಯಾಂಟಿನ ತುದಿ ಎತ್ತಿ ಗಂಟೆ ತೋರಿಸಿದರು. "ನನ್ನ ಹಳೇ ವಿದ್ಯೆ ಸಿಸ್ಟರ್. ಇನ್ನೂ ಜೀವ ಇದೆ. ಇವಳು ಕಾವಲು ಇಟ್ಟಿದ್ದಾಳೆ. ನನಗೆ ಇದನ್ನ ಕಲಿಸಿದ್ದೂ ಇವಳೇ. ನಿಮ್ಮ ಹುಡುಗೀರಿಗೆ ಮೊದಲ ಪಾಠ ಇವಳು ಹೇಳ್ಬೇಕು, ನಾನಲ್ಲ. ರಸ್ತೆ ನೋಡೋದು ಇವಳಿಗೆ ಬರುತ್ತೆ. ನಾನು ಈಗಷ್ಟೇ ಶುರು ಮಾಡಿದ್ದೀನಿ."

ನರ್ಸಮ್ಮ ಕನ್ನಡಕ ಹಾಕಿಕೊಂಡು ಹಿಂದಕ್ಕೆ ತಿರುಗಿದರು. "ಟೀಚರಮ್ಮ, ನಿಮಗೆ ಪೂರ್ತಿ ಲೈಸೆನ್ಸ್ ಯಾವಾಗ ಬರುತ್ತೆ?"

"ಪರೀಕ್ಷೆಗೆ ಹೆಸರು ಕೊಟ್ಟಿದ್ದೀನಿ," ಎಂದಳು ಅಕ್ಕ. ಇದು ನಮಗಿಬ್ಬರಿಗೂ ಹೊಸ ಸುದ್ದಿ.

"ಅಲ್ಲೀತನಕ ಕೋಣೆ ಪಾಠ ನಿಮ್ಮದು, ರಸ್ತೆ ಪಾಠ ಮೇಷ್ಟ್ರದು. ಸೋಮವಾರ ಮೊದಲ ತಂಡ ಕಳಿಸ್ತೀನಿ, ಈ ಗಾಡಿ ನೀವೇ ಇಟ್ಕೊಂಡಿರಿ. ಗಂಟೆ ಇರ್ಲಿ ಮೇಷ್ಟ್ರೇ, ಬಿಚ್ಚಬೇಡಿ."

ಸುತ್ತು ಮುಗಿಸಿ ಅಂಗಳಕ್ಕೆ ಬಂದೊಡನೆ ಭಾವ ಇಳಿದು ಕಂಬದ ಹಿಂದಿದ್ದ ಕಾವಲುಗಾರನ ಕೈ ಕುಲುಕಿದರು. ಅವನಿಗೆ ಯಾಕೆಂದು ಗೊತ್ತಾಗದಿದ್ದರೂ ಅವನೂ ಕುಲುಕಿದ. ಮನೆಗೆ ಹೊರಡುವಾಗ ಭಾವ ಹೋಗಿ ಪಕ್ಕದ ಸೀಟಿನಲ್ಲಿ ಕೂತರು; ಅಕ್ಕ ಕೆಂಪು ಫಲಕ ಅಂಟಿಸಿ ಸ್ಟಿಯರಿಂಗ್ ಹಿಡಿದಳು. ಆಸ್ಪತ್ರೆಯ ಗೇಟಿನಾಚೆ ದೊಡ್ಡ ರಸ್ತೆ, ಸಂಜೆಯ ಜನ, ಬಸ್ಸು, ಲಾರಿ, ಸೈಕಲ್ಲು. ಆ ರಸ್ತೆಗೆ ಅವಳು ಆವರೆಗೆ ಇಳಿದಿರಲಿಲ್ಲ. ಭಾವನ ಬಾಯಿ ನಿಲ್ಲಲಿಲ್ಲ. ಹಳೆಯ ಕಾರು ಮಾರಿ ಇಂಥದೇ ಎರಡು ತರಬೇಕು, ಬೋರ್ಡು ಬದಲಿಸಬೇಕು, ಬೋರ್ಡಿನ ಮೇಲೆ ಒಂದು ದೊಡ್ಡ ಕಣ್ಣು ಬರೆಸಬೇಕು, ಕಣ್ಣಿನ ಕೆಳಗೆ ಅಕ್ಕನ ಹೆಸರು, ಅದರ ಕೆಳಗೆ ಸಣ್ಣದಾಗಿ ತಮ್ಮದು, ಅಷ್ಟೇನೂ ಸಣ್ಣದಾಗಿ ಅಲ್ಲ.

"ಸ್ವಲ್ಪ ಹೊತ್ತು ಸುಮ್ನಿರ್ತೀರಾ," ಎಂದಳು ಅಕ್ಕ, ಬಲಕ್ಕೆ ನೋಡಿ, ಎಡಕ್ಕೆ ನೋಡಿ. "ನಾನು ರಸ್ತೆ ನೋಡ್ತಿದ್ದೀನಿ."

ಭಾವ ಸುಮ್ಮನಾದರು. ಇಬ್ಬರೂ ಒಂದೇ ಕಡೆ ನೋಡುತ್ತ ಕೂತರು. ಬಸ್ಸು ಹೋಗಲು ಬಿಟ್ಟು, ಲಾರಿ ಹೋಗಲು ಬಿಟ್ಟು, ಅಕ್ಕ ರಸ್ತೆಗೆ ಇಳಿದಳು.